ಗೆಳೆಯನಿಗೊಂದು ಪತ್ರ: ಕರಾವಳಿಯ ತಲೆದಿಂಬು

ಉಡುಪಿ
ಸೆಪ್ಟೆಂಬರ್ ಕೊನೆಯ ವಾರ

ಪ್ರಿಯ ಗೆಳೆಯ,

ಬಳ್ಳಾರಿಯಿಂದ ಮಂಗಳೂರಿಗೆ ಬಂದು ಮನೆ ಮಾಡಿದ ನಾಲ್ಕೇ ತಿಂಗಳಲ್ಲಿ ತಲೆದಿಂಬುಗಳೆಲ್ಲ ಚಪ್ಪಟೆಯಾಗಿ ಮುಗ್ಗಲು ವಾಸನೆ ಬರುತ್ತಿದೆ, ಎಲ್ಲವನ್ನೂ ಎಸೆದು ಹೊಸದನ್ನು ಕೊಳ್ಳುತ್ತೇನೆ ಎಂದು ಬರೆದಿರುವೆ. ದಯವಿಟ್ಟು ಸ್ವಲ್ಪ ತಡೆ. ಇಲ್ಲಿನ ಮಳೆಗಾಲದ ರೀತಿ ತಿಳಿಯದಿದ್ದರೆ ಹೊಸ ದಿಂಬಿಗೂ ಬರುವ ವರ್ಷ ಇದೇ ಗತಿಯಾದೀತು.

ದಿಂಬು ಉಬ್ಬಿಕೊಂಡಿರುವುದು ಅದರ ಎಳೆಗಳ ನಡುವೆ ನಿಂತ ಗಾಳಿಯಿಂದ. ತಲೆಯ ಭಾರಕ್ಕೆ ಕುಗ್ಗಿದ ಹತ್ತಿ ಒಣಗಿದ್ದರೆ ಮತ್ತೆ ಏಳುತ್ತದೆ, ತೇವ ಹೀರಿದ್ದರೆ ಗಂಟು ಕಟ್ಟುತ್ತದೆ. ನಿಮ್ಮ ಘಟ್ಟದ ಮೇಲಿನ ಊರಿನಲ್ಲಿ ಬೇಕೆಂದಾಗ ಬಿಸಿಲಿತ್ತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಕಡೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಆದ್ದರಿಂದ ಬೆಳಗ್ಗೆ ಎದ್ದ ಕೂಡಲೇ ದಿಂಬಿನ ಮೇಲೆ ಹೊದಿಕೆ ಹಾಸಿ ಮುಚ್ಚಬೇಡ. ಅರ್ಧ ಗಂಟೆ ಫ್ಯಾನಿನ ಕೆಳಗೆ ನಿಲ್ಲಿಸಿಡು, ರಾತ್ರಿಯ ಬೆವರು ಆರಲಿ. ಆಮೇಲೆ ಅದರ ಎರಡು ತುದಿಗಳನ್ನು ಹಿಡಿದು, ಶ್ರುತಿಪೆಟ್ಟಿಗೆಯ ತಿದಿಯಂತೆ ನಾಲ್ಕಾರು ಬಾರಿ ಒತ್ತಿ ಬಿಡು.

ತೊಳೆಯುವ ವಿಚಾರದಲ್ಲಿ ನಾನು ಮಾಡಿದ ತಪ್ಪನ್ನು ನೀನು ಮಾಡಬಾರದು. ಬೇಸಗೆಯಲ್ಲಿ ಒಡೆದ ಬೂರುಗದ ಕಾಯಿಗಳನ್ನು ಆಯ್ದು, ಬೀಜ ಬಿಡಿಸಿ, ಅಮ್ಮ ತನ್ನ ಕೈಯಾರೆ ತುಂಬಿದ ದಿಂಬೊಂದು ನನ್ನಲ್ಲಿತ್ತು. ಅದರ ಮೇಲಿನ ತೆಂಗಿನೆಣ್ಣೆಯ ಕಲೆ ಕಂಡು, ಜುಲೈ-ಆಗಸ್ಟ್‌ನಲ್ಲಿ ಬರುವ ತುಳುವರ ಆಟಿ ತಿಂಗಳ ಮಳೆಯ ನಡುವೆಯೇ ಇಡೀ ದಿಂಬನ್ನು ಸೋಪಿನ ನೀರಿಗೆ ಅದ್ದಿದೆ. ಬೂರುಗದ ಎಳೆ ಟೊಳ್ಳಾದ ಸಣ್ಣ ಕೊಳವೆ; ಮೇಲೆ ಮೇಣದ ತೆಳುಪದರವಿರುವುದರಿಂದ ಅದು ಬರಿಯ ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ, ಆದರೆ ಸೋಪು ಬೆರೆತ ನೀರು ಒಳಹೊಕ್ಕುಬಿಡುತ್ತದೆ, ಹಿಂಡಿದರಂತೂ ಎಳೆಗಳೇ ಮುರಿಯುತ್ತವೆ. ಬಚ್ಚಲೊಲೆಯ ಮೇಲೆ ಹತ್ತು ದಿನ ತೂಗಿಸಿದ ಮೇಲೆ ಹೊರಬಟ್ಟೆ ಗರಿಗರಿಯಾಯಿತು. ಹೊಲಿಗೆ ಬಿಚ್ಚಿ ನೋಡಿದರೆ ಒಳಗೆಲ್ಲ ಕಪ್ಪು ಬೂಷ್ಟು. ಅದನ್ನು ಎಸೆದ ದಿನದ ಸಂಕಟ ಇಂದಿಗೂ ಆರಿಲ್ಲ.

ಹಾಗಾಗಿ ಹತ್ತಿ, ಬೂರುಗದ ದಿಂಬುಗಳಿಗೆ ನೀರು ಬೇಡ, ಬಿಸಿಲು ಸಾಕು. ಪಾಲಿಯೆಸ್ಟರ್ ದಿಂಬನ್ನು ಮಾತ್ರ, ಅದರ ಚೀಟಿಯಲ್ಲಿ ಒಪ್ಪಿಗೆಯಿದ್ದರೆ, ಯಂತ್ರದಲ್ಲಿ ಒಗೆಯಬಹುದು. ಭಾರ ಒಂದೇ ಕಡೆಗೆ ವಾಲದಂತೆ ಎರಡನ್ನು ಒಟ್ಟಿಗೆ ಹಾಕು, ಸೋಪಿನ ಪುಡಿ ಕಡಿಮೆಯಿರಲಿ. ಒಣಹಾಕಿದ ಮೇಲೆ ಆಗಾಗ ಗಂಟುಗಳನ್ನು ಬಿಡಿಸು; ನಡುವನ್ನು ಅದುಮಿದಾಗ ಕೈಗೆ ತಣ್ಣಗೆನಿಸಿದರೆ ಇನ್ನೂ ಒಣಗಿಲ್ಲವೆಂದೇ ತಿಳಿ. ಫೋಮ್ ದಿಂಬಿಗೆ ನೀರೂ ಆಗದು, ನೇರ ಬಿಸಿಲೂ ಆಗದು, ಗಾಳಿಯಾಡುವ ನೆರಳಲ್ಲಿಡು.

ತಲೆಗೆ ಎಣ್ಣೆ ಹಚ್ಚುವ ನಮ್ಮಂಥವರಿಗೆ ಎರಡು ಚೀಲಗಳು ಬೇಕೇಬೇಕು. ಒಳಗೆ ಜಿಪ್ ಇರುವ ದಪ್ಪ ಹತ್ತಿಬಟ್ಟೆಯದು, ಹೊರಗೆ ವಾರಕ್ಕೊಮ್ಮೆ ಬದಲಿಸುವಂಥದು. ಬೆಳಗಿನ ಹೊತ್ತು ನಿನ್ನ ಮಗಳಿಗೆ ಸೀನು ಹೆಚ್ಚು ಎಂದಿದ್ದೆಯಲ್ಲ, ದಿಂಬಿನ ಧೂಳುಹುಳವೂ ಅದಕ್ಕೆ ಕಾರಣವಿರಬಹುದು. ಕಣ್ಣಿಗೆ ಕಾಣದ ಈ ಜೀವಿ ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ, ಆದರೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನ ಒಗೆತಕ್ಕೆ ಸಾಯುತ್ತದೆ. ಚೀಲಗಳನ್ನಾದರೂ ಹಾಗೆ ಒಗೆ. ನೆಂಟರಿಗೆಂದು ತೆಗೆದಿಟ್ಟ ದಿಂಬನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯದೆ, ಹಳೆಯ ಪಂಚೆಯಲ್ಲಿ ಸುತ್ತಿ, ಜೊತೆಗೆ ಒಂದು ಹಿಡಿ ಲಾವಂಚದ ಬೇರು ಇಡು.

ಇನ್ನು ನಿನ್ನ ನಾಲ್ಕು ದಿಂಬುಗಳ ವಿಷಯ. ಪಾಲಿಯೆಸ್ಟರಿನ ಎರಡನ್ನು ಮಡಚಿ ಬಿಡು. ಬಿಟ್ಟ ಮೇಲೂ ತಾವಾಗಿ ಬಿಚ್ಚಿಕೊಳ್ಳದಿದ್ದರೆ ಅವುಗಳ ಆಯುಸ್ಸು ಮುಗಿದಿದೆ. ಹತ್ತಿಯ ಎರಡರ ಹೊಲಿಗೆಯನ್ನು ಒಂದಂಗುಲ ಬಿಚ್ಚಿ ನೋಡು. ಬೂಷ್ಟು ಇಲ್ಲದಿದ್ದರೆ ದೀಪಾವಳಿಗೆ ಬರುವಾಗ ತೆಗೆದುಕೊಂಡು ಬಾ. ಆ ವೇಳೆಗೆ ನಮ್ಮ ಅಂಗಳದಲ್ಲಿ ಬಿಸಿಲು ಬಲಿತಿರುತ್ತದೆ, ಮೂರು ದಿನ ಒಣಗಿಸಿ ಹತ್ತಿ ಹಿಂಜುವವರಲ್ಲಿಗೆ ಒಟ್ಟಿಗೇ ಹೋಗೋಣ.

ನಿನ್ನ ಗೆಳೆಯ