ಜರ್ಮನಿಯಲ್ಲಿ ಮಾಸ್ಟರ್ಸ್ ಮುಗಿಯಿತು: ಕೈಹಿಡಿದು ದಾಟಿಸಿದವರಿಗೆ ನಮಸ್ಕಾರ

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಿಂದ ಜರ್ಮನಿಗೆ ಬಂದ ನಮ್ಮ ಬ್ಯಾಚಿನ ಮಾಸ್ಟರ್ಸ್ ಮುಗಿದಿದೆ. 120 ಕ್ರೆಡಿಟ್, ಆರು ತಿಂಗಳ ಥೀಸಿಸ್, ಎಲ್ಲ ದಾಟಿತು. ಬರೀ ಧನ್ಯವಾದ ಎಂದು ಬರೆದು ಸುಮ್ಮನಾದರೆ ಯಾರು ಏನು ಉಪಕಾರ ಮಾಡಿದರು ಎಂಬುದೇ ತಿಳಿಯುವುದಿಲ್ಲ. ಅದಕ್ಕೇ ಯಾರು ಯಾವ ಗಂಟು ಬಿಡಿಸಿಕೊಟ್ಟರು ಎನ್ನುವುದನ್ನೂ ಸೇರಿಸಿ ಬರೆಯುತ್ತಿದ್ದೇವೆ. ಮುಂದೆ ಬರುವವರಿಗೂ ಉಪಯೋಗವಾದೀತು.

ಮೊದಲ ನಮಸ್ಕಾರ, ನಮ್ಮ ಹೆಸರುಗಳ ಗೋಜಲು ಬಿಡಿಸಿದ ಸೀನಿಯರ್ ಅಣ್ಣ ಅಕ್ಕಂದಿರಿಗೆ. ನಮ್ಮ ಕಡೆ ಎಷ್ಟೋ ಜನರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಇನಿಷಿಯಲ್ ಅಷ್ಟೇ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರ ಅಪ್ಪನ ಹೆಸರಾಗಿಯೋ ಊರಿನ ಹೆಸರಾಗಿಯೋ ಬಿಡಿಸಿಕೊಂಡು ಸರ್‌ನೇಮ್ ಜಾಗದಲ್ಲಿ ಕೂತಿರುತ್ತದೆ. ಕೆಲವರಿಗೆ ಆ ಜಾಗ ಖಾಲಿಯೇ. ಇನಿಷಿಯಲ್ ಪದ್ಧತಿಯ ಪರಿಚಯವಿಲ್ಲದ ಕಚೇರಿಗೆ ಇವು ಇಬ್ಬರು ಬೇರೆ ಬೇರೆ ವ್ಯಕ್ತಿಗಳ ದಾಖಲೆಗಳಂತೆ ಕಾಣುತ್ತವೆ. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಪಾಸ್‌ಪೋರ್ಟನ್ನೇ ತಿದ್ದಿಸುವುದಾದರೆ, ನಮ್ಮ ಓದಿನ ದಾಖಲೆಗಳು ಅಸಲಿಯೇ ಎಂದು ಪರಿಶೀಲಿಸುವ ಜರ್ಮನ್ ರಾಯಭಾರ ಕಚೇರಿಯ ವಿಭಾಗವಾದ ಎಪಿಎಸ್‌ಗೆ ಅರ್ಜಿ ಹಾಕುವ ಮೊದಲೇ ತಿದ್ದಿಸಿ, ಏಕೆಂದರೆ ಆಮೇಲಿನ ಪ್ರತಿ ಕಾಗದವೂ ಆ ಹೆಸರನ್ನೇ ಹಿಡಿದು ಸಾಗುತ್ತದೆ. 2022ರ ನವೆಂಬರ್ 1ರಿಂದ ನಮ್ಮಂಥವರಿಗೆ ಎಪಿಎಸ್ ಸರ್ಟಿಫಿಕೇಟ್ ಇಲ್ಲದೆ ಸ್ಟೂಡೆಂಟ್ ವೀಸಾ ಅರ್ಜಿಯೇ ಮುಂದೆ ಹೋಗುವುದಿಲ್ಲ. ಅದು ಕೈಗೆ ಬರಲು ವಾರಗಟ್ಟಲೆ ಬೇಕು.

ಕಾಲೇಜು ಆಫೀಸಿನ ಗುಮಾಸ್ತರಿಗೆ, ಬೆಳಗಾವಿಯ ವಿಟಿಯುನಲ್ಲಿ ನಮ್ಮ ಎಲ್ಲ ಸೆಮಿಸ್ಟರುಗಳ ಅಂಕ ಒಟ್ಟಿಗಿರುವ ಟ್ರಾನ್ಸ್‌ಕ್ರಿಪ್ಟ್ ಸಿದ್ಧಪಡಿಸಿದ ಸಿಬ್ಬಂದಿಗೆ ವಿಶೇಷ ಕೃತಜ್ಞತೆ. ಒಂದು ಪುಟ್ಟ ಸಾಲಿಗೆ ಎಷ್ಟು ಬೆಲೆಯಿದೆ ನೋಡಿ. ನಮ್ಮ ಸಿಜಿಪಿಎಯನ್ನು ಇಲ್ಲಿ ಬವೇರಿಯನ್ ಸೂತ್ರದಿಂದ ಪರಿವರ್ತಿಸುತ್ತಾರೆ: ಗರಿಷ್ಠದಿಂದ ನಮ್ಮ ಅಂಕ ಕಳೆದು, ಅದನ್ನು ಗರಿಷ್ಠ ಮತ್ತು ಕನಿಷ್ಠ ಪಾಸಿನ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಸಿಜಿಪಿಎ 8 ಇದ್ದವರಿಗೆ ಕನಿಷ್ಠ ಪಾಸ್ 4 ಎಂದು ಹಿಡಿದರೆ 2.0 ಬರುತ್ತದೆ, 5 ಎಂದು ಹಿಡಿದರೆ 2.2. ಇಲ್ಲಿ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು, ಸೀಟು ಹೋಗುವುದು ಬರುವುದು ಇಷ್ಟರಲ್ಲೇ. ಹಾಗಾಗಿ ನಿಮ್ಮ ಸ್ಕೀಮಿನ ಕನಿಷ್ಠ ಪಾಸ್ ಗ್ರೇಡ್ ಎಷ್ಟೆಂದು ಟ್ರಾನ್ಸ್‌ಕ್ರಿಪ್ಟಿನಲ್ಲಿ ಅಥವಾ ಅದರ ಹಿಂಬದಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆಯೇ ಎಂದು ಕೌಂಟರಿನಲ್ಲೇ ನಿಂತು ನೋಡಿಕೊಳ್ಳಿ.

ದುಡ್ಡಿನ ವಿಷಯಕ್ಕೆ ಬಂದರೆ ಅಪ್ಪ ಅಮ್ಮಂದಿರ ಋಣ ಬರೆದು ಮುಗಿಸುವಂಥದ್ದಲ್ಲ. ಕೃಷಿ ಜಮೀನನ್ನು ಬಹಳಷ್ಟು ಬ್ಯಾಂಕುಗಳು ಎಜುಕೇಶನ್ ಲೋನಿಗೆ ಅಡಮಾನವಾಗಿ ಒಪ್ಪುವುದಿಲ್ಲ. ಮನೆಯನ್ನೋ ಸೈಟನ್ನೋ ಇಡಬೇಕು. ಕ್ರಯಪತ್ರ, ಖಾತಾ, ಇಸಿ, ತೆರಿಗೆ ರಸೀದಿ ಹಿಡಿದು ಬ್ಯಾಂಕಿಗೂ ಸಬ್ ರಿಜಿಸ್ಟ್ರಾರ್ ಕಚೇರಿಗೂ ತಿರುಗಿದ್ದು ಅವರು. ವರ್ಷದ ಖರ್ಚಿಗೆಂದು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ವೀಸಾಕ್ಕಾಗಿ ಮೊದಲೇ ಹಣ ತುಂಬಿ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ 11,904 ಯೂರೋ, ತಿಂಗಳಿಗೆ 992ರಂತೆ ಬಿಡುಗಡೆಯಾಗುತ್ತದೆ. ಸರಿಯಾಗಿ ಅಷ್ಟನ್ನೇ ಕಳಿಸಿದರೆ ನಡುವಿನ ಬ್ಯಾಂಕು ತನ್ನ ಶುಲ್ಕ ಮುರಿದುಕೊಂಡು ಮೊತ್ತ ಕೊರತೆಯಾಗುತ್ತದೆ, ವೀಸಾಕ್ಕೆ ತೋರಿಸಬೇಕಾದ ಖಾತೆಯ ದೃಢೀಕರಣ ಪತ್ರ ನಿಂತುಹೋಗುತ್ತದೆ. ಶುಲ್ಕವೆಲ್ಲ ಕಳಿಸುವವರದೇ ಎಂದು ಫಾರ್ಮಿನಲ್ಲಿ ಗುರುತು ಹಾಕಿಸಿ, ಐವತ್ತರಿಂದ ನೂರು ಯೂರೋ ಹೆಚ್ಚಿಗೆ ಕಳಿಸಿ ಎಂದು ಹೇಳಿಕೊಟ್ಟ ಬ್ಯಾಂಕ್ ಅಧಿಕಾರಿಗಳಿಗೂ ವಂದನೆ.

ಇಳಿದ ಮೇಲೆ ಮನೆ ಕೊಟ್ಟವರು, ಮನೆ ಸಿಗುವತನಕ ತಮ್ಮ ರೂಮಿನ ನೆಲದಲ್ಲಿ ಹಾಸಿಗೆ ಹಾಸಿಕೊಟ್ಟವರು, ನಿಮ್ಮೆಲ್ಲರಿಗೂ ಕೈಮುಗಿಯುತ್ತೇವೆ. ಮನೆಗೆ ಸೇರಿದ ಎರಡು ವಾರದೊಳಗೆ ಅನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ ಆಗಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇಕು. ಬಾಡಿಗೆ ಕರಾರು ಪತ್ರ ಒಂದೇ ಸಾಲದು. ಆಮೇಲೆ ಟ್ಯಾಕ್ಸ್ ಐಡಿ ಅಂಚೆಯಲ್ಲಿ ಬರುತ್ತದೆ. ಅದಿಲ್ಲದೆ ಕೆಲಸಕ್ಕೆ ಸೇರಿದರೆ ಸಂಬಳದಲ್ಲಿ ಅತಿ ಹೆಚ್ಚು ತೆರಿಗೆ ಮುರಿಯುವ ಆರನೇ ವರ್ಗಕ್ಕೆ ಹಾಕುತ್ತಾರೆ. ಇನ್ನೊಂದು ಸಂಗತಿ, ತೀರಾ ಸಣ್ಣದು, ಆದರೆ ಬಹಳ ಜನರನ್ನು ಕಾಡಿದ್ದು: ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿರಬೇಕು. ಫ್ಲ್ಯಾಟ್ ನಂಬರ್ ನೋಡಿ ಪೋಸ್ಟ್ ಹಾಕುವ ರೂಢಿ ಇಲ್ಲಿಲ್ಲ. ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡಿನ ಪಿನ್, ಇನ್ಶೂರೆನ್ಸ್ ಕಾರ್ಡ್, ಟ್ಯಾಕ್ಸ್ ಐಡಿ ಎಲ್ಲವೂ ವಾಪಸ್.

ಇನ್ಶೂರೆನ್ಸ್ ಬಗ್ಗೆ ಗದರಿಸಿಯೇ ಹೇಳಿದ ಅಕ್ಕಂದಿರಿಗೆ ದೊಡ್ಡ ನಮಸ್ಕಾರ. ಅಗ್ಗವೆಂದು ಶುರುವಿನಲ್ಲೇ ಖಾಸಗಿ ವಿಮೆಗೆ ಹೋಗಿ ಸರ್ಕಾರಿ ವಿಮೆಯಿಂದ ವಿನಾಯಿತಿ ಪಡೆದರೆ, ಓದು ಮುಗಿಯುವವರೆಗೆ ವಿದ್ಯಾರ್ಥಿ ದರದ ಸರ್ಕಾರಿ ವಿಮೆಗೆ ಮರಳಲು ಬರುವುದಿಲ್ಲ.

ಓದಿನಲ್ಲಿ ನಮ್ಮನ್ನು ಉಳಿಸಿದವರು ಫಾಖ್‌ಶಾಫ್ಟ್, ಅಂದರೆ ವಿಭಾಗದ ವಿದ್ಯಾರ್ಥಿ ಸಂಘದವರು. ಹಳೆಯ ಪ್ರಶ್ನೆಪತ್ರಿಕೆಗಳು ಅವರ ಬಳಿ ಇರುತ್ತವೆ. ಊರಿನಲ್ಲಿ ಬ್ಯಾಕ್ ಆದರೆ ಮುಂದಿನ ಸೆಮಿಸ್ಟರಿನಲ್ಲಿ ಕ್ಲಿಯರ್ ಮಾಡಿಕೊಂಡರಾಯಿತು ಎನ್ನುವ ಧೈರ್ಯ ಇರುತ್ತದೆ. ಇಲ್ಲಿ ಬಹಳಷ್ಟು ಕಡೆ ಒಂದು ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಕೈಕೊಟ್ಟರೆ ಆ ಕೋರ್ಸೇ ಮುಗಿದಂತೆ. ಅದೇ ಕೋರ್ಸಿಗೆ ಬೇರೆ ಯೂನಿವರ್ಸಿಟಿಯಲ್ಲೂ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಸಿದ್ಧತೆ ಸಾಲದಿದ್ದರೆ ಕೊನೆಯ ದಿನಾಂಕದೊಳಗೆ ಪೋರ್ಟಲ್‌ನಲ್ಲಿ ಹೆಸರು ಹಿಂತೆಗೆದುಕೊಳ್ಳಿ. ಪರೀಕ್ಷೆಯ ದಿನ ಜ್ವರ ಬಂದರೆ ಅಂದೇ ವೈದ್ಯರಿಂದ ಪತ್ರ ತಂದು ಪರೀಕ್ಷಾ ಕಚೇರಿಗೆ ಕೊಡಿ. ಸುಮ್ಮನೆ ಗೈರಾದರೆ 5.0, ಅಂದರೆ ಫೇಲ್. ಫಲಿತಾಂಶ ಬಂದ ಮೇಲೆ ಉತ್ತರ ಪತ್ರಿಕೆ ನೋಡುವ ದಿನವೊಂದನ್ನು ಇಡುತ್ತಾರೆ, ತಪ್ಪದೆ ಹೋಗಿ. ಆ ದಿನ ಪ್ರತಿ ಅಂಕಕ್ಕೂ ಕಾರಣ ವಿವರಿಸಿದ ಅಧ್ಯಾಪಕರ ತಾಳ್ಮೆಯನ್ನು ಮರೆಯಲಾರೆವು.

ಯೂನಿವರ್ಸಿಟಿಯಲ್ಲೇ ಸಹಾಯಕರ ಕೆಲಸ ಕೊಟ್ಟ ಪ್ರೊಫೆಸರುಗಳಿಗೂ ಋಣಿ. ಹೊರಗಿನ ಕೆಲಸಕ್ಕೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನದ ಮಿತಿಯಿದೆ. ಯೂನಿವರ್ಸಿಟಿಯೊಳಗಿನ ಈ ಕೆಲಸ ಆ ಲೆಕ್ಕಕ್ಕೆ ಸೇರುವುದಿಲ್ಲ. ಒಗ್ಗರಣೆಯ ಹೊಗೆಗೆ ಸ್ಮೋಕ್ ಅಲಾರಂ ಕೂಗಿದಾಗಲೆಲ್ಲ ನಗುತ್ತಲೇ ಬಂದು ಕಿಟಕಿ ತೆರೆದ ಹಾಸ್ಟೆಲಿನ ನೆರೆಹೊರೆಯವರಿಗೂ ಥ್ಯಾಂಕ್ಸ್.

ಈಗ ಕೆಲಸ ಹುಡುಕಲು 18 ತಿಂಗಳವರೆಗೆ ಇಲ್ಲಿರುವ ಅವಕಾಶವಿದೆ. ಹಳೆಯ ಪರ್ಮಿಟ್ ಮುಗಿಯುವ ಮೊದಲೇ ಅರ್ಜಿ ಹಾಕಿದ್ದೇವೆ. ಕಾರ್ಡ್ ಬರುವವರೆಗೆ ಕೊಡುವ ತಾತ್ಕಾಲಿಕ ಪತ್ರದಲ್ಲಿ ಜರ್ಮನಿಯ ವಾಸ್ತವ್ಯ ಕಾಯ್ದೆಯ ಕಲಂ 81ರ 4ನೇ ಉಪಕಲಂ ಎಂದಿದ್ದರೆ ಮಾತ್ರ ಊರಿಗೆ ಹೋಗಿ ಹಿಂದಿರುಗಬಹುದು, 3 ಎಂದಿದ್ದರೆ ಅದನ್ನು ನಂಬಿ ಹೊರಡುವಂತಿಲ್ಲ. ಟಿಕೆಟ್ ಮಾಡಿಸುವ ಮೊದಲು ಆ ಅಂಕಿ ನೋಡಿಕೊಳ್ಳಿ ಎಂದು ಎಚ್ಚರಿಸಿದ ಅಣ್ಣಂದಿರೇ, ನಮ್ಮ ಅಮ್ಮಂದಿರ ಪರವಾಗಿ ನಿಮಗೆ ನಮಸ್ಕಾರ. ಈ ಅಕ್ಟೋಬರಿಗೆ ಬರುತ್ತಿರುವ ತಮ್ಮ ತಂಗಿಯರೇ, ಏನೇ ಅನುಮಾನವಿದ್ದರೂ ಕಾಗದಕ್ಕೆ ಸಹಿ ಹಾಕುವ ಮೊದಲೇ ನಮ್ಮನ್ನು ಕೇಳಿ.