ಮಾನ್ಯ ಶಾಸಕರೇ, ಕೋಳಿ ಸತ್ತರೆ ಅದೇ ದಿನ ನೋಡೋಕೆ ಜನ ಕಳಿಸಿ

ಶಾಸಕರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದವಳು, ಕೆರೆ ಪಕ್ಕದ ಹಳ್ಳಿ ನಮ್ಮದು. ಇದೇ ವಿಷಯಕ್ಕೆ ಎರಡು ಸಲ ಅರ್ಜಿ ಕೊಟ್ಟಿದ್ದೇನೆ, ಅಲೆದಿದ್ದಕ್ಕಂತೂ ಲೆಕ್ಕವಿಲ್ಲ. ಇನ್ನು ಸುಮ್ನೆ ಇರೋಕೆ ಆಗಲ್ಲ, ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ನಮ್ಮ ಹಿತ್ತಲಲ್ಲಿ 23 ನಾಟಿ ಕೋಳಿ ಇದ್ದವು. ಮೂರೇ ದಿನದಲ್ಲಿ 21 ಸತ್ತವು.

ಅದಕ್ಕೆ ಮುಂಚೆ ಒಂದು ರಾತ್ರಿ ಯಾವುದೋ ಫಾರಂನವರು ಸತ್ತ ಕೋಳಿಗಳನ್ನು ಫೀಡ್ ಚೀಲಕ್ಕೆ ತುಂಬಿ ಕೆರೆ ಕೋಡಿ ಹತ್ತಿರ ಎಸೆದು ಹೋಗಿದ್ದರು. ಬೆಳಗ್ಗೆ ಹೋಗಿ ಎಣಿಸಿದೆ, 9 ಚೀಲ. ನಾಯಿಗಳು ಹರಿದು ಹಾಕಿದ್ದವು, ಕಾಗೆಗಳು ಕುಕ್ಕುತ್ತಿದ್ದವು, ಒಂದು ನಾಯಿ ಬಿಳಿ ರೆಕ್ಕೆ ಕಚ್ಚಿಕೊಂಡು ನಮ್ಮ ತಿಪ್ಪೆವರೆಗೂ ಬಂದಿತ್ತು. ತಿಪ್ಪೆ ಕೆದಕದ ಕೋಳಿ ಎಲ್ಲಿದೆ ಹೇಳಿ? ಪಂಚಾಯಿತಿಗೆ ಫೋನ್ ಮಾಡಿದರೆ 'ಜೆಸಿಬಿ ಬಂದಾಗ ಹೂಳಿಸ್ತೀವಿ' ಅಂದರು. ಐದು ದಿನ ಅಲ್ಲೇ ಕೊಳೆತವು.

ಆರನೇ ದಿನ ಹುಂಜ ಕೂಗಲಿಲ್ಲ. ಮಂಕರಿ ಎತ್ತಿ ನೋಡಿದರೆ ತಲೆ ಊದಿಕೊಂಡು, ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿ, ಮುದುರಿ ಕೂತಿತ್ತು. ಮಧ್ಯಾಹ್ನದೊಳಗೆ ಹೋಯಿತು. ಕಾವಿಗೆ ಕೂತಿದ್ದ ಹೇಂಟೆ ಮೊಟ್ಟೆ ಮೇಲೆ ಕೂತ ಹಾಗೇ ಸತ್ತಿತ್ತು. ಅದನ್ನು ಎತ್ತುವಾಗ ಕೆಳಗಿನ 11 ಮೊಟ್ಟೆ ಇನ್ನೂ ಬೆಚ್ಚಗಿದ್ದವು. ಮಗಳ ಬಸ್ ಪಾಸಿಗೆ, ಅತ್ತೆಯ ಬಿಪಿ ಮಾತ್ರೆಗೆ ಈ ಕೋಳಿಗಳೇ ದುಡ್ಡು ಕೊಡುತ್ತಿದ್ದವು.

ಮತ್ತೆ ಫೋನ್ ಮಾಡಿದೆ, ಈ ಸಲ ಪಶು ಆಸ್ಪತ್ರೆಗೆ. ಡಾಕ್ಟರು ಮೂರು ಆಸ್ಪತ್ರೆಗೆ ಒಬ್ಬರೇ ಅಂತೆ. 'ಕೊಕ್ಕರೆ ರೋಗ ಇರಬೇಕು, ಹೂತುಬಿಡಿ' ಅಂದರು. ಕೊಕ್ಕರೆ ರೋಗಕ್ಕೆ ನಾವು ಲಸಿಕೆ ಹಾಕಿಸಿದ್ದೆವು! ನೋಡದೆ, ಸ್ಯಾಂಪಲ್ ತೆಗೆಯದೆ ಅದು ಹಕ್ಕಿಜ್ವರ ಅಲ್ಲ ಅಂತ ಹೇಗೆ ಹೇಳ್ತೀರಿ? ಹಕ್ಕಿಜ್ವರ ಪರೀಕ್ಷೆ ಮಾಡೋ ಭೋಪಾಲದ ಲ್ಯಾಬ್ ಹೇಳಿದ ಮೇಲೆ ತಾನೇ ಸರ್ಕಾರ ಒಪ್ಪೋದು? ಇಲ್ಲಿಂದ ಸ್ಯಾಂಪಲ್ಲೇ ಹೋಗದಿದ್ದರೆ ಅವರಾದರೂ ಏನು ಹೇಳ್ತಾರೆ?

ನಿಯಮ ನಿಮಗೆ ಗೊತ್ತೇ ಇದೆ. ರೋಗ ಖಚಿತವಾದರೆ 1 ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಂದು ಹೂಳ್ತಾರೆ, 10 ಕಿಲೋಮೀಟರ್‌ವರೆಗೆ ನಿಗಾ ಇಡ್ತಾರೆ. ಪರಿಹಾರ ಸಿಗೋದು ಸರ್ಕಾರ ಕೊಂದ ಕೋಳಿಗೆ ಮಾತ್ರ, ಅದಕ್ಕೆ ಮುಂಚೆ ತಾನಾಗಿ ಸತ್ತದ್ದಕ್ಕೆ ಒಂದು ಪೈಸೆ ಇಲ್ಲ. ಅಂದರೆ ನಿಮ್ಮವರು ತಡ ಮಾಡಿದಷ್ಟೂ ನಮಗೇ ನಷ್ಟ, ಅಲ್ವಾ? ಪಕ್ಕದ ಬೀದಿಯವರು ಹೆದರಿಕೊಂಡು ಉಳಿದ ಕೋಳಿಗಳನ್ನೆಲ್ಲ ಸಂತೆಗೆ ಹಾಕಿಬಿಟ್ಟರು. ತಪ್ಪು ಅಂತ ಗೊತ್ತು, ರೋಗ ಹರಡೋದೇ ಹಾಗೆ. ಆದರೂ ಅವರನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ.

ನಮ್ಮ ರಾಜ್ಯಕ್ಕೆ ಹಕ್ಕಿಜ್ವರ ಹೊಸದಲ್ಲ: 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ. ಇಷ್ಟು ಸಲ ಬಂದು ಹೋದ ರೋಗಕ್ಕೆ ಇನ್ನೂ ಒಂದು ಫೋನ್ ಎತ್ತಿ ಹೊರಡೋ ಜನ ಇಲ್ಲ ಅಂದರೆ ಏನರ್ಥ?

ನಮ್ಮ ಕೈಲಾದದ್ದು ನಾವು ಮಾಡಿದ್ದೇವೆ. ಗೂಡಿಗೆ ಬಲೆ ಕಟ್ಟಿದ್ದೇವೆ, ಬಾಗಿಲಿಗೆ ಸುಣ್ಣ ಚೆಲ್ಲಿದ್ದೇವೆ, ಹಿತ್ತಲಿಗೆ ಬೇರೆ ಚಪ್ಪಲಿ ಇಟ್ಟಿದ್ದೇವೆ, ಉಳಿದ ಎರಡು ಹೇಂಟೆಗಳನ್ನು ಕೆರೆ ಕಡೆ ಬಿಡ್ತಿಲ್ಲ. ಆದರೆ ಎಸೆದ ಚೀಲಕ್ಕೆ ನಾನು ಬಲೆ ಕಟ್ಟೋಕಾಗುತ್ತಾ?

ನಾನು ಕೇಳೋದು ಒಂದೇ. ಕೋಳಿ ಸತ್ತಿದೆ ಅಂತ ಫೋನ್ ಬಂದ ದಿನವೇ ಸ್ಯಾಂಪಲ್ ತೆಗೆಯೋಕೆ ಜನ ಕಳಿಸಿ. ಖಾಲಿ ಇರೋ ಡಾಕ್ಟರ್ ಹುದ್ದೆ ತುಂಬಿಸಿ, ಚೀಲ ಎಸೆದವರ ಮೇಲೆ ಕೇಸ್ ಹಾಕಿಸಿ, ಅವೂ ಬೇಕು. ಆದರೆ ಮೊದಲು ಜನ ಕಳಿಸಿ.

ನಿನ್ನೆ ರಾತ್ರಿ ಕೋಡಿ ಹತ್ತಿರ ಮತ್ತೆ ಎರಡು ಚೀಲ ಬಿದ್ದಿವೆ.