ಒಂದು ಕಲ್ಲಿಗೆ ಜಾಗ ಕೊಡಿ

ಮಾನ್ಯ ಚಿಕ್ಕಬಳ್ಳಾಪುರ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಪ್ರತಿವರ್ಷ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ನಮ್ಮ ಮನೆಯಲ್ಲಿ ಒಂದು ಬಾಳೆಲೆಯ ಪಕ್ಕ ಹಳೇ ಇಂಕ್ ಪೆನ್ ಇಡುತ್ತೇವೆ. ನಿಬ್ಬು ಎಂದೋ ಮುರಿದಿದೆ. ಅದು ನಮ್ಮ ತಾತನ ತಮ್ಮನದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ನಮ್ಮೂರಿನ ಮೊದಲ ಪದವೀಧರ ಅನಿಸಿಕೊಂಡು, ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯದ ಸರಬರಾಜು ವಿಭಾಗ ಸೇರಿದವರು. ಸತ್ತ ತಿಥಿ ಗೊತ್ತಿಲ್ಲ. ಅಂಥವರಿಗೆ ಅಮಾವಾಸ್ಯೆಯೇ ಗತಿ ಅಲ್ವಾ?

ಅದು 1944. ಜಪಾನಿ ಸೈನ್ಯ ಈಶಾನ್ಯ ಭಾರತದ ಕೊಹಿಮಾ–ಇಂಫಾಲ ರಸ್ತೆಗೆ ಅಡ್ಡ ಕೂತಿತ್ತು. ಮಾರ್ಚ್ ಕೊನೆಯಿಂದ ಜೂನ್ 22ರವರೆಗೆ ಇಂಫಾಲದ ಸೈನಿಕರಿಗೆ ಊಟದ ಸಾಮಾನು, ಮದ್ದುಗುಂಡು ಎಲ್ಲ ವಿಮಾನದಲ್ಲೇ ಹೋಗಬೇಕಿತ್ತು. ಡಕೋಟಾ ಅಂತ ಎರಡು ಎಂಜಿನ್‌ನ ವಿಮಾನ. ಇಳಿಯಲು ಜಾಗ ಇಲ್ಲದ ಕಡೆ, ಬಾಗಿಲಲ್ಲಿ ನಿಂತು ಮೂಟೆಗಳನ್ನು ಕೆಳಕ್ಕೆ ತಳ್ಳುವ ಕೆಲಸ ಸರಬರಾಜಿನವರದು. ಕೆಳಗೆ ಕಾಡುಬೆಟ್ಟ, ಸುತ್ತ ಮುಂಗಾರಿನ ಮೋಡ. ಅವರಿದ್ದ ಅಂಥದೊಂದು ವಿಮಾನ ಹೋಗಿದ್ದು ವಾಪಸ್ ಬರಲಿಲ್ಲ. ಮನೆಗೆ ತಂತಿ ಬಂತು: ಕಾಣೆಯಾಗಿದ್ದಾರೆ. ತಿಂಗಳುಗಳಾದ ಮೇಲೆ ಕಾಗದ: ಸತ್ತಿದ್ದಾರೆಂದು ಭಾವಿಸಲಾಗಿದೆ. ಆ ‘ಭಾವಿಸಲಾಗಿದೆ’ಯನ್ನು ಹಿಡಿದುಕೊಂಡು ನಮ್ಮ ಮುತ್ತಜ್ಜಿ ಸಾಯುವವರೆಗೂ ರಾತ್ರಿ ಒಂದು ಮುದ್ದೆ ಜಾಸ್ತಿ ಕಟ್ಟುತ್ತಿದ್ದರಂತೆ.

ಅವರ ಹೆಸರು ಬರ್ಮಾದಲ್ಲಿದೆ. ಯಾಂಗೊನ್ ಹತ್ತಿರದ ಟೌಕ್ಯಾನ್‌ನಲ್ಲಿ, ದೇಹವೇ ಸಿಗದ ಸುಮಾರು 27,000 ಸೈನಿಕರ ಹೆಸರು ಕೆತ್ತಿದ ಕಂಬಗಳಿವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಹುಡುಕಿದರೆ ಸಿಕ್ಕಿತು. ಅವರ ಅಪ್ಪನ ಹೆಸರೂ ಇದೆ. ಜಿಲ್ಲೆ ಕೋಲಾರ.

ಊರಲ್ಲಿ ಮಾತ್ರ ಎಲ್ಲೂ ಇಲ್ಲ. ಒಂದು ಕಚೇರಿಯಲ್ಲಿ ವಿಚಾರಿಸಿದೆ. “ಆಗ ಕೋಲಾರ ಜಿಲ್ಲೆ ಕಣ್ರಿ, ಅಲ್ಲೇ ಕೇಳಿ” ಅಂದರು. ಅಲ್ಲಿಗೆ ಹೋದರೆ, “2007ರಲ್ಲೇ ನಿಮ್ಮ ಜಿಲ್ಲೆ ಬೇರೆ ಆಯ್ತಲ್ಲ!” ಬಸ್ ಚಾರ್ಜು ದಂಡ.

ಸತ್ತವರ ಹೆಸರು ಬರೆದಿಡುವುದು ಈ ಸೀಮೆಗೆ ಹೊಸದಲ್ಲ. ಕೆರೆ ಏರಿ, ಹೊಲದ ಬದುಗಳಲ್ಲಿ ಸುಮ್ನೆ ನಿಂತಿರುವ ವೀರಗಲ್ಲುಗಳನ್ನು ನೋಡಿ. ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಸತ್ತವನಿಗೂ ಕಲ್ಲು ನಿಲ್ಲಿಸಿದ ಜನ ನಮ್ಮವರು. ಬಿ.ಎಲ್. ರೈಸ್ 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ ತಂದಾಗ ಅಂಥ ಹೆಸರುಗಳೂ ಅಚ್ಚಾದವು. ಎಷ್ಟೋ ಕಲ್ಲುಗಳಲ್ಲಿ ಕೆಳಗೆ ಕಾಳಗ, ಅದರ ಮೇಲೆ ವೀರನನ್ನು ಅಪ್ಸರೆಯರು ವಿಮಾನದಲ್ಲಿ ಸ್ವರ್ಗಕ್ಕೆ ಕರೆದೊಯ್ಯುವ ಚಿತ್ರ. ನಮ್ಮವರಿಗೆ ವಿಮಾನವೇನೋ ಸಿಕ್ಕಿತು, ಕಲ್ಲು ಸಿಗಲಿಲ್ಲ.

ಬ್ರಿಟಿಷರ ಸೈನ್ಯ ಸೇರಿದವರು ಅಂತ ಕೆಲವರು ಮೂಗು ಮುರಿಯಬಹುದು. ಸಂಬಳಕ್ಕೆ ಹೋದರೋ, ಹಠಕ್ಕೆ ಹೋದರೋ, ಸತ್ತಿದ್ದು ನಮ್ಮೂರ ಹುಡುಗ.

ನಾನು ಕೇಳುವುದು ಇಷ್ಟೇ. ಕೋಲಾರದ ಜಿಲ್ಲಾಧಿಕಾರಿಗಳ ಜೊತೆ ಮಾತಾಡಿ, ಹಳೇ ಜಿಲ್ಲೆಯಿಂದ ಹೋಗಿ ಆ ಯುದ್ಧದಲ್ಲಿ ಸತ್ತವರ ಪಟ್ಟಿ ಮಾಡಿಸಿ. ಹಳ್ಳಿಗಳಲ್ಲಿ ಕೇಳಿಸಿ, ಟ್ರಂಕುಗಳಲ್ಲಿ ಇನ್ನೂ ಕಾಗದಗಳಿರುತ್ತವೆ. ಆಮೇಲೆ ಜಿಲ್ಲಾಡಳಿತ ಭವನದ ಆವರಣದಲ್ಲಿ ಒಂದು ಕಲ್ಲು ನಿಲ್ಲಿಸಿ. ಕಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಬರವೇ?

ನೀವು ಕರೆದ ದಿನ ಬರುತ್ತೇನೆ. ತಂತಿಯ ಜೆರಾಕ್ಸ್ ಕೊಡುತ್ತೇನೆ. ಪೆನ್ನನ್ನು ತೋರಿಸಿ ವಾಪಸ್ ತರುತ್ತೇನೆ, ಅಮಾವಾಸ್ಯೆಗೆ ಬೇಕು.

ಇಂತಿ,
ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ರೈತ